ಟಿಬಿ ಬೇಡ, ಕಾಪಿ ಕೊಡಿ

ಬಿಳಿಪುಡಿ ಕಾರ್ಖಾನೆಯವರು ಕಾಪಿಯಕ್ಕನಿಗೆ ಏಳು ತಿಂಗಳ ಸಂಬಳ ಬಾಕಿ ಇಟ್ಟಿದ್ದಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳನ್ನೇ ಕೇಳಿದರೆ ಬೇರೆಯವರ ಬಾಕಿಯಿಂದ ಶುರು ಮಾಡುತ್ತಾಳೆ, ತನ್ನದಕ್ಕೆ ಬರುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಾರೆ.

ಗೇಟಿನ ಪಕ್ಕದ ಔಷಧಿ ಕೋಣೆಯಲ್ಲಿ ಅವಳ ಕೆಲಸ. ಒಂದು ಮೇಜು, ಒಂದು ಕಂಪ್ಯೂಟರ್, ಕಾಲು ಅಲ್ಲಾಡುವ ಬೆಂಚು, ಯಾರೂ ಹತ್ತದಿದ್ದರೂ ಎರಡು ಕಿಲೋ ತೋರಿಸುವ ತೂಕದ ಯಂತ್ರ. ಕಾರ್ಖಾನೆಯಲ್ಲಿ ಬಿಳಿ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಚೀಲಕ್ಕೆ ತುಂಬುತ್ತಾರೆ. ಆ ಪುಡಿ ಗಾಜಿಗೆ, ಬಣ್ಣಕ್ಕೆ, ನೆಲದ ಟೈಲ್ಸಿಗೆ ಹೋಗುತ್ತದೆ. ಉಳಿದದ್ದು ಅರೆಯುವವರ ಎದೆಗೆ. ಪಾಳಿ ಮುಗಿದು ಹೊರಗೆ ಬರುವಾಗ ಎಲ್ಲರ ಹುಬ್ಬೂ ಬೆಳ್ಳಗಿರುತ್ತಿತ್ತು, ಇಪ್ಪತ್ತರವನೂ ಐವತ್ತರವನೂ ಒಂದೇ ಥರ. ಹೆಂಡತಿಯರು ಗಂಡಂದಿರನ್ನು ನಡಿಗೆ ನೋಡಿ ಗುರುತು ಹಿಡಿಯುತ್ತಿದ್ದರು.

ವರ್ಷಕ್ಕೊಂದು ಸಲ ಎಕ್ಸರೇ ಗಾಡಿ ಬಂದು ಅಂಗಳದಲ್ಲಿ ನಿಲ್ಲುತ್ತಿತ್ತು. ಇನ್ನೂರ ಎಂಬತ್ತಾರು ಜನ ಅಂಗಿ ಬಿಚ್ಚಿ ಸಾಲಾಗಿ ನಿಂತು, ತಣ್ಣನೆಯ ಹಲಗೆಗೆ ಎದೆ ಒತ್ತಿ ಉಸಿರು ಬಿಗಿಹಿಡಿಯುತ್ತಿದ್ದರು. ವರ್ಷ ಕಳೆದಂತೆ ಹಾಗೆ ಹಿಡಿದಿಡುವ ಹೊತ್ತು ಕಡಿಮೆಯಾಗುತ್ತಾ ಬಂತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನಿಂತು ನೋಡಿದವರಿಗೆ ಗೊತ್ತಾಗುತ್ತಿತ್ತು. ಆದರೂ ಚಿತ್ರ ತೆಗೆಯಬೇಕು, ಅದು ಕಾನೂನು. ಮೂಲೆಯಲ್ಲಿ ಹೆಸರು, ನಂಬರು, ತಾರೀಕು ಅಚ್ಚಾದ ಚಿತ್ರಗಳು ಔಷಧಿ ಕೋಣೆಯ ಕಂಪ್ಯೂಟರಿಗೆ ಬರುತ್ತಿದ್ದವು. ಗುರುವಾರಕ್ಕೊಮ್ಮೆ ಬರುವ ಡಾಕ್ಟರು ನಿಂತಲ್ಲೇ ಕಟ್ಟುಗಟ್ಟಲೆ ಕಾಗದಕ್ಕೆ ಸಹಿ ಹಾಕಿ ಹೋಗುತ್ತಿದ್ದರು.

ಪ್ರತಿ ಚಿತ್ರದ ಕೆಳಗೂ ‘ಕಾಯಿಲೆ’ ಎಂಬ ಒಂದು ಚೌಕ. ಅದನ್ನು ಒತ್ತಿದರೆ ಮೂರು ಸಾಲು ಬಿಚ್ಚಿಕೊಳ್ಳುತ್ತಿತ್ತು: ಸರಿಯಿದೆ, ಟಿಬಿ, ಇತರೆ. ‘ಇತರೆ’ ಒತ್ತಿದರೆ ಕಾರಣ ಬರೆಯಿರಿ ಎಂದು ಕಂಪ್ಯೂಟರು ಕೇಳುತ್ತಿತ್ತು. ಕಾರಣ ಬರೆದರೆ ಮ್ಯಾನೇಜರು ಬಂದು, ಯಾಕಮ್ಮಾ ಇಲ್ಲದ ಕೆಲಸ ಮೈಮೇಲೆ ಎಳ್ಕೋತೀಯ ಎನ್ನುತ್ತಿದ್ದ. ಹಾಗಾಗಿ ಕೆಮ್ಮುವವರೆಲ್ಲರಿಗೂ ಟಿಬಿ. ಟಿಬಿ ಎಂದರೆ ಮನೆಯಿಂದ ಬಂದದ್ದು, ಬೀದಿಯಿಂದ ಬಂದದ್ದು. ಗುಳಿಗೆ ಕೊಟ್ಟು ಕಾರ್ಖಾನೆ ಕೈತೊಳೆದುಕೊಳ್ಳಬಹುದು. ಕಲ್ಲುಧೂಳಿನಿಂದ ಬಂದದ್ದು ಎಂದರೆ ಅದು ಕಾರ್ಖಾನೆಯದೇ, ಕೊನೆತನಕ ಕಾರ್ಖಾನೆಯೇ ನೋಡಿಕೊಳ್ಳಬೇಕು. ಆ ಸಾಲು ಪಟ್ಟಿಯಲ್ಲೇ ಇರಲಿಲ್ಲ.

ಎದೆ ಸೀಳಿದರೆ ಎರಡಕ್ಷರ ಇಲ್ಲ ಎಂದು ಓದು ಬಾರದವರನ್ನು ಆಡಿಕೊಳ್ಳುತ್ತಾರಲ್ಲ, ಅಂಥವರ ಎದೆಯಲ್ಲಿ ಕಾರ್ಖಾನೆ ಎರಡಕ್ಷರ ಬರೆದೇಬಿಟ್ಟಿತ್ತು. ಟಿ, ಬಿ. ಬರೆದ ಬೆರಳು ಕಾಪಿಯಕ್ಕನದು. ಹನ್ನೊಂದು ವರ್ಷ ಅವಳೇ ಒತ್ತಿದಳು. ಮೂರನೇ ಗಿರಣಿಯಲ್ಲಿದ್ದ ಸ್ವಂತ ಅಣ್ಣನಿಗೂ ಒತ್ತಿದಳು.

ಆ ಅಣ್ಣ ಕೆಲಸಕ್ಕೆ ಸೇರಿದಾಗ ಎರಡು ಕೈಗೆ ಎರಡು ಚೀಲ ಎತ್ತುತ್ತಿದ್ದವನು. ಟಿಬಿ ಗುಳಿಗೆಯನ್ನು ಮೂರು ಸಲ ಶುರುವಿಂದ ಕೊನೆತನಕ ನುಂಗಿದ. ಕಫದಲ್ಲಿ ಮೂರು ಸಲವೂ ಏನೂ ಸಿಗಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ, ಏನಪ್ಪಾ ನೀನು ಹೊಟ್ಟೆಪಾಡಿಗೆ ಮಾಡೋ ಕೆಲಸ ಎಂದು ಕೇಳಿದರು. ಅಲ್ಲಿಯ ತನಕ ಯಾವ ಡಾಕ್ಟರೂ ಅದನ್ನು ಕೇಳಿರಲಿಲ್ಲ. ಅರೆಯೋ ಕೆಲಸ ಎಂದ. ಸೇರಿದಾಗಿನ ಎಕ್ಸರೇ ತಗೊಂಡು ಬಾ, ಆವಾಗ ಎದೆ ಶುಭ್ರ ಇದ್ದಿದ್ದರೆ ಇದು ಧೂಳಿಂದಲೇ ಬಂದದ್ದು ಎಂದರು.

ಮಾರನೆಯ ದಿನ ಕಾಪಿಯಕ್ಕ ತನ್ನ ತಲೆಯ ಮೇಲೆ ಹನ್ನೊಂದು ವರ್ಷದಿಂದ ತೂಗುತ್ತಿದ್ದ ಕಟ್ಟುಹಾಕಿದ ಕಾನೂನಿನ ಹಲಗೆಯನ್ನು ಮೊದಲ ಬಾರಿಗೆ ಸ್ಟೂಲು ಹತ್ತಿ ಓದಿದಳು. ಗಾಜಿನ ಮೇಲಿನ ಪುಡಿ ಒರೆಸಿದರೆ ಆರನೆಯ ಸಾಲು: ತಪಾಸಣೆಯ ಪ್ರತಿಯನ್ನು ಕೇಳಿದ ಕಾರ್ಮಿಕನಿಗೆ ಕೊಡತಕ್ಕದ್ದು. ಕೇಳಿದ ಕಾರ್ಮಿಕನಿಗೆ. ಸರಿ, ಕೇಳುವವರನ್ನು ತಯಾರು ಮಾಡಿದರಾಯಿತು ಎಂದು ಸ್ಟೂಲಿನಿಂದ ಇಳಿದಳು.

ಅಂದಿನಿಂದ ಕೋಣೆಗೆ ಬಂದವರಿಗೆಲ್ಲ ಒಂದೇ ಪ್ರಶ್ನೆ: ಕಾಪಿ ಆಯ್ತಾ? ಹೊಸಬನೊಬ್ಬ, ಆಯ್ತಕ್ಕ, ಈಗ ಕುಡಿದೇ ಬಂದೆ, ಸಕ್ಕರೆ ಸ್ವಲ್ಪ ಕಡಿಮೆ ಇತ್ತು ಎಂದ. ಬೆಂಚಿನ ಮೇಲಿದ್ದವರು ನಕ್ಕು ನಕ್ಕು ಕೆಮ್ಮಿದರು. ಹೆಸರು ಅಂದೇ ಅಂಟಿತು. ಅವಳ ನಿಜವಾದ ಹೆಸರು ಈಗ ರೇಷನ್ ಕಾರ್ಡಿಗೂ ತಾಯಿಗೂ ಮಾತ್ರ ಗೊತ್ತು.

ಕಾಪಿ ಹಾಕಿಕೊಳ್ಳಲು ಏನಾದರೂ ತನ್ನಿ ಎಂದಳು. ಜನ ಮನೆಯಲ್ಲಿದ್ದದ್ದನ್ನು ತಂದರು. ಕ್ಯಾಪು ಕಳೆದುಹೋದ ಪೆನ್‌ಡ್ರೈವ್, ಒಡೆದ ಫೋನಿನೊಳಗಿನ ಉಗುರಿನಷ್ಟು ಮೆಮೊರಿ ಕಾರ್ಡು, ಮದುವೆ ವಿಡಿಯೋದವನು ಕೊಟ್ಟ ಸಿಡಿ, ಬೀಗದ ಕೈಯಂತಿರುವ ಒಂದು ಡ್ರೈವು. ಒಬ್ಬೊಬ್ಬರಿಗೂ ಹತ್ತು ಹನ್ನೆರಡು ಚಿತ್ರ, ಎಂಥ ಬಡ ಕಾರ್ಡಿನಲ್ಲೂ ಹಿಡಿಯುತ್ತಿತ್ತು. ಹಾಕಿಕೊಟ್ಟು, ತನ್ನದೇ ಒಂದು ರಿಜಿಸ್ಟರಿನಲ್ಲಿ ನಂಬರು ಬರೆದು, ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಂಡಳು.

ಕಾರ್ಮಿಕ ಸಂಘದವರು ಇದನ್ನು ನೋಡಿ, ಎಲ್ಲರದ್ದೂ ಸೇರಿದ ಒಂದು ಇಡೀ ಪ್ರತಿ ನಮ್ಮ ಹತ್ತಿರ ಇರಲಿ, ಲೇಬರ್ ಆಫೀಸಿನಲ್ಲಿ ದೂರು ಹಾಕೋಣ ಎಂದರು. ಒಪ್ಪಿಗೆಯ ಸಹಿಗಳು ಬಂದವು. ಡ್ರೈವು ತರುವ ಕೆಲಸ ಮೇಸ್ತ್ರಿ ಮಾವನಿಗೆ ಬಿತ್ತು. ಸಂಘದ ಹಿರಿಯ, ನಲವತ್ತು ವರ್ಷ ಕಲ್ಲು ಒಡೆದವರು, ಸೂಜಿ ಕೊಳ್ಳುವಾಗಲೂ ಚೌಕಾಸಿ ಬಿಡದವರು. ಸಂತೆಬೀದಿಯ ಪುಟ್‌ಪಾತಿನಲ್ಲಿ ಬಟ್ಟೆ ಹಾಸಿ ಮಾರುವವನ ಹತ್ತಿರ ಹೆಬ್ಬೆರಳಿನಷ್ಟು ದಪ್ಪದ ಪೆನ್‌ಡ್ರೈವ್ ತಂದರು. ಮೈಮೇಲೆ ‘2 ಟಿಬಿ’ ಎಂದು ದಪ್ಪಕ್ಷರ, ಅಂದರೆ ಎರಡು ಟೆರಾಬೈಟ್, ಎರಡು ಸಾವಿರ ಜಿಬಿಯಷ್ಟು ಜಾಗ. ಅಂಗಡಿಯಲ್ಲಿ ಹೇಳೋ ರೇಟಿನ ಹತ್ತರಲ್ಲೊಂದು ಪಾಲಿಗೆ ಕೆಡವಿದೆ ನೋಡು ಎಂದು ಎದೆ ತಟ್ಟಿಕೊಂಡರು, ಅದರಿಂದಲೇ ಐದು ನಿಮಿಷ ಕೆಮ್ಮಿದರು.

ಮೂರು ದಿನ ಊಟದ ಬಿಡುವಿನಲ್ಲಿ ಕಾಪಿಯಕ್ಕ ಚಿತ್ರಗಳನ್ನೆಲ್ಲ ಅದಕ್ಕೆ ಇಳಿಸಿದಳು. ಹಳೆಯ ವರ್ಷದಿಂದ ಶುರು ಮಾಡಿ ಹೊಸದಕ್ಕೆ. ಕೊನೆಗೆ ಹೆಸರುಗಳನ್ನು ರಿಜಿಸ್ಟರಿಗೆ ಹಿಡಿದು ನೋಡಿದಳು. ಒಂದೂ ಬಿಟ್ಟುಹೋಗಿರಲಿಲ್ಲ. ಡ್ರೈವನ್ನು ಸೀರೆಯ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗೇಟು ದಾಟಿದಳು. ಅವಳು ಮಾಡಿದ ತಪ್ಪು ಇಲ್ಲೇ ಇದೆ, ಅವಳೇ ಹೇಳಿಕೊಂಡು ತಿರುಗುತ್ತಾಳೆ: ಹೆಸರು ಎಣಿಸಿದೆ, ಎದೆ ತೆರೆದು ನೋಡಲಿಲ್ಲ.

ವಾರ ಕಳೆಯುವಷ್ಟರಲ್ಲಿ ಕಾರ್ಖಾನೆಗೆ ವಾಸನೆ ಬಡಿಯಿತು. ದಾಖಲೆ ಕಳವು ಎಂದು ಅವಳನ್ನು ಅಮಾನತು ಮಾಡಿದರು. ವಿಚಾರಣೆ ಮುಗಿಯುವ ತನಕ ಸಂಬಳ ಇಲ್ಲ, ವಿಚಾರಣೆ ಮಾಡುವವರೂ ಇಲ್ಲ. ಏಳು ತಿಂಗಳು ಹಾಗೆ ನೇತುಹಾಕಿ ಕೊನೆಗೆ ಕೆಲಸದಿಂದಲೇ ತೆಗೆದರು. ಈ ನಡುವೆ ಲೇಬರ್ ಆಫೀಸಿನಿಂದ ಎಕ್ಸರೇ ಹಾಜರು ಮಾಡಿ ಎಂಬ ನೋಟೀಸು ಹೋದಾಗ, ಔಷಧಿ ಕೋಣೆಯ ಕಂಪ್ಯೂಟರು ಕೆಟ್ಟು ಎಲ್ಲ ಅಳಿಸಿಹೋಗಿದೆ ಎಂದು ಕಾರ್ಖಾನೆ ಉತ್ತರ ಕೊಟ್ಟಿತು. ಸಂಘದವರು ಒಳಗೊಳಗೇ ನಕ್ಕರು. ಅಳಿಸಿಕೊಳ್ಳಲಿ, ನಮ್ಮ ಸೆರಗಿನಲ್ಲಿ ಎರಡು ಟಿಬಿ ಇದೆ.

ಲೇಬರ್ ಆಫೀಸಿನ ವಿಚಾರಣೆಗೆ ಇಪ್ಪತ್ತು ದಿನ ಇದೆ ಎನ್ನುವಾಗ ಚಿತ್ರಗಳನ್ನು ಅಚ್ಚು ಹಾಕಿಸಲು ಅವಳೂ ಮೇಸ್ತ್ರಿ ಮಾವನೂ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದರು. ಅಂಗಡಿಯನ್ನು ನಡೆಸುವವಳು ನಡುವಯಸ್ಸಿನ ಹೆಂಗಸು. ಕನ್ನಡಕವನ್ನು ತಲೆಗೇರಿಸಿಕೊಂಡು, ಬಿಚ್ಚಿದ ಡಿಸ್ಕುಗಳ ನಡುವೆ ತರಕಾರಿ ಹೆಚ್ಚುವವಳ ಹಾಗೆ ಕೂತಿರುತ್ತಿದ್ದಳು. ಡ್ರೈವು ಚುಚ್ಚಿ ಅಣ್ಣನ ಮೊದಲ ವರ್ಷದ ಚಿತ್ರ ತೆರೆದಳು. ಬರಲಿಲ್ಲ. ಇನ್ನೊಬ್ಬರದು ತೆರೆದಳು. ಬೂದು ಪಟ್ಟಿ. ಇತ್ತೀಚಿನ ಎರಡು ವರ್ಷದವು ಮಾತ್ರ ತೆರೆದುಕೊಂಡವು, ಅದಕ್ಕೂ ಹಿಂದಿನವು ಒಂದೂ ಇಲ್ಲ. ಹೆಸರು ಎಲ್ಲವೂ ಇದ್ದವು, ಅಳತೆ ಸರಿ ಇತ್ತು, ಒಳಗೆ ಏನೂ ಇರಲಿಲ್ಲ.

ಅಂಗಡಿಯವಳು ಪೆನ್‌ಡ್ರೈವನ್ನು ಕಳಚಿ ಕೈಯಲ್ಲಿ ತೂಗಿದಳು.

"ಇದು ಎರಡು ಟಿಬಿ ಅಲ್ಲಕ್ಕ. ಎಂಟು ಜಿಬಿ. ಎರಡು ಟಿಬಿ ಅಂತ ಸುಳ್ಳು ಹೇಳೋಕೆ ಕಲಿಸಿದ್ದಾರೆ ಅಷ್ಟೆ. ತುಂಬಿದ ಮೇಲೆ ಜಾಗ ಇಲ್ಲ ಅನ್ನಲ್ಲ, ಹಳೇದರ ಮೇಲೇ ಹೊಸದು ಬರೀತಾ ಹೋಗುತ್ತೆ. ಹೆಸರಿನ ಪಟ್ಟಿ ಬೇರೆ ಕಡೆ ಕೂತಿರುತ್ತೆ, ಅದು ಹಾಳಾಗಲ್ಲ."

ಮೇಸ್ತ್ರಿ ಮಾವ ಸ್ಟೂಲಿನ ಮೇಲೆ ಕುಸಿದರು. ಹತ್ತರಲ್ಲೊಂದು ಪಾಲಿಗೆ ಕೆಡವಿದ್ದು ಏನನ್ನು ಎಂದು ಅವರಿಗೆ ಆಗ ತಿಳಿಯಿತು. ಸೇರಿದಾಗಿನ ಎದೆ ಶುಭ್ರವಾಗಿತ್ತು ಎಂದು ಹೇಳುವ ಚಿತ್ರಗಳೇ ಹೋಗಿದ್ದವು. ಉಳಿದ ಎರಡು ವರ್ಷದವು, ಈಗ ಕಾಯಿಲೆ ಇದೆ ಎನ್ನುವುದನ್ನು ಮಾತ್ರ ತೋರಿಸುತ್ತಿದ್ದವು. ಕಾಯಿಲೆ ಇಲ್ಲ ಎಂದು ಕಾರ್ಖಾನೆ ಯಾವತ್ತೂ ಹೇಳಿರಲಿಲ್ಲ, ಮನೆಯಿಂದ ತಂದರು ಎಂದೇ ಅವರ ವಾದ.

ಕಾಪಿಯಕ್ಕ ಅಳಲಿಲ್ಲ. ಮಾವನನ್ನು ಬೈಯಲೂ ಇಲ್ಲ. ಬೈಗುಳವೆಲ್ಲ ಅವಳು ತನಗೇ ಇಟ್ಟುಕೊಂಡಳು, ಅವು ಅಚ್ಚು ಹಾಕುವಂಥವಲ್ಲ. ಜೊತೆಗೆ ತಂದಿದ್ದ ರಿಜಿಸ್ಟರು ತೆರೆದು ಒಂದೊಂದೇ ಹೆಬ್ಬೆಟ್ಟಿನ ಮೇಲೆ ಬೆರಳಾಡಿಸಿದಳು. ದೊಡ್ಡದು ಹೋಯಿತು, ಚಿಕ್ಕವು ಇವೆಯಲ್ಲ, ಇನ್ನೂರು ಮನೆಗಳಲ್ಲಿ. ಅವನ್ನೆಲ್ಲ ಒಟ್ಟು ಮಾಡಿ ಹಾಕಲು ಒಂದು ಗಟ್ಟಿ ಡ್ರೈವು ಬೇಕು, ಈ ಸಲ ನಾನೇ ಆರಿಸುತ್ತೇನೆ ಎಂದು ಅಂಗಡಿಯವಳ ಎದುರು ಕೂತಳು.

ಅಂಗಡಿಯವಳು ಎಷ್ಟು ಟಿಬಿಯದು ಬೇಕು ಎಂದು ಕೇಳಿದಳು. ಮೇಸ್ತ್ರಿ ಮಾವ ಸ್ಟೂಲಿನಿಂದಲೇ, ಇರೋದನ್ನೇ ಕಳ್ಕೊಳ್ಳೋದು ಹೇಗೆ ಅಂತ ನೋಡ್ತಿದ್ದೀವಿ ತಾಯಿ, ನೀನು ಇನ್ನೂ ಎಷ್ಟು ಅಂತ ಕೇಳ್ತೀಯ ಎಂದರು. ಚಿತ್ರ ಎಷ್ಟು, ಒಂದೊಂದರ ತೂಕ ಎಷ್ಟು ಎಂದು ಕೇಳಿ ಅಂಗಡಿಯವಳು ಬೆರಳು ಮಡಿಸಿದಳು. ಎಲ್ಲ ಸೇರಿದರೂ ನಲವತ್ತು ಜಿಬಿ ದಾಟುವುದಿಲ್ಲ.

"ಅಕ್ಕ, ನಿಮಗೆ ಟಿಬಿ ಬೇಕಾಗೇ ಇಲ್ಲ."

"ಅದನ್ನೇ ತಾಯಿ ನಾವು ಕಾರ್ಖಾನೆಯವರಿಗೆ ಹೇಳ್ತಿರೋದು," ಎಂದರು ಮಾವ. "ನೀನು ಬಂದು ಸಾಕ್ಷಿ ಹೇಳ್ತೀಯಾ?"

ಆಮೇಲೆ ಅಂಗಡಿಯವಳು ಗಾಜಿನ ಕಪಾಟಿನಿಂದ ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟಳು. ಪೆನ್‌ಡ್ರೈವ್ ಹೊತ್ತುಕೊಂಡು ಹೋಗಲು, ಇಟ್ಟುಕೊಳ್ಳಲು ಅಲ್ಲ ಎಂದಳು. ಸಾಮಾನು ಸಾಗಿಸೋ ಚೀಲವನ್ನು ಕಣಜ ಅಂದುಕೊಂಡರೆ ಆಗುತ್ತಾ? ತಿರುಗುವ ಹಾರ್ಡ್‌ಡಿಸ್ಕು ಅಗ್ಗ, ಜಾಗ ಬೇಕಾದಷ್ಟು, ಮೂಲೆಯಲ್ಲಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ. ಓಡುತ್ತಿರುವಾಗ ಕೈಜಾರಿತೋ, ಒಳಗಿನ ಸೂಜಿ ತಟ್ಟೆಯನ್ನು ಗೀರಿ ಕಥೆ ಮುಗಿಯುತ್ತದೆ. ಎಸ್ಎಸ್‌ಡಿ ಎಂಬ ಈ ಸಣ್ಣ ಡ್ರೈವಿನಲ್ಲಿ ತಿರುಗುವಂಥದ್ದೇನೂ ಇಲ್ಲ, ಬಿದ್ದರೂ ಸಾಮಾನ್ಯವಾಗಿ ಬದುಕುತ್ತದೆ, ಓಟ ಜಾಸ್ತಿ. ಆದರೆ ವರ್ಷಾನುಗಟ್ಟಲೆ ಕರೆಂಟು ತೋರಿಸದೆ ಪೆಟ್ಟಿಗೆಯಲ್ಲಿ ಹೂತಿಟ್ಟರೆ ನಿಧಾನಕ್ಕೆ ಮರೆಯಲೂಬಹುದು, ವರ್ಷಕ್ಕೊಮ್ಮೆಯಾದರೂ ಚುಚ್ಚಿ ಮಾತಾಡಿಸಬೇಕು. ಹಾಗಾದರೆ ಯಾವುದು ಒಳ್ಳೆಯದು ಎಂದಳು ಕಾಪಿಯಕ್ಕ. ಅಂಗಡಿಯವಳು ಕನ್ನಡಕವನ್ನು ಮೂಗಿಗೆ ಇಳಿಸಿದಳು.

"ಯಾವುದೂ ಒಳ್ಳೇದಲ್ಲ. ಒಂದೇ ಒಂದು ಇಟ್ಕೊಂಡವರಿಗೆ ಎಲ್ಲಾನೂ ಕೆಟ್ಟದ್ದೇ."

ಆ ಮಾತು ಕಾಪಿಯಕ್ಕನಿಗೆ ತಟ್ಟಿತು. ಒಬ್ಬ ಮುಖಂಡನ ಮೇಲೆ ನಿಂತಿದ್ದ ಹಳೆಯ ಸಂಘ ಆ ಮುಖಂಡನಿಗೆ ಕಾರ್ಖಾನೆ ಮನೆ ಕಟ್ಟಿಸಿಕೊಟ್ಟ ದಿನ ಮುಗಿದದ್ದನ್ನು ಅವಳು ಕಣ್ಣಾರೆ ನೋಡಿದವಳು. ಒಂದರಲ್ಲೇ ಎಲ್ಲ ಇಡುವ ಆಸೆ ಬಿಟ್ಟು ಎರಡನ್ನು ಆರಿಸಿದಳು: ಒಂದು ಸಣ್ಣ ಎಸ್ಎಸ್‌ಡಿ, ಒಂದು ತಿರುಗುವ ಡಿಸ್ಕು. ಬೇರೆ ಬೇರೆ ಕಂಪನಿಯವು, ಒಂದೇ ಕಂತಿನಲ್ಲಿ ಹುಟ್ಟಿದವು ಒಂದೇ ಸಲ ಸಾಯಬಾರದಲ್ಲ. ಮಾವ ಅಭ್ಯಾಸಬಲದಿಂದ ಚೌಕಾಸಿಗೆ ಬಾಯಿ ತೆರೆದರು, ಅವಳು ನೋಡಿದ ನೋಟಕ್ಕೆ ಮುಚ್ಚಿದರು. ಅಂಗಡಿಯವಳು ಚೀಲಕ್ಕೆ ಹಾಕಹೋದಾಗ ಕಾಪಿಯಕ್ಕ ಕೈ ಅಡ್ಡ ಹಿಡಿದಳು.

"ತುಂಬಿಸಿ ತೋರಿಸು."

ಬಿಲ್ಲು ಕೊಡ್ತೀನಿ, ಗ್ಯಾರಂಟಿ ಕಾರ್ಡು ಕೊಡ್ತೀನಿ, ಇದು ಪುಟ್‌ಪಾತಿನ ಮಾಲಲ್ಲ ಎಂದು ಅಂಗಡಿಯವಳು ಮುಖ ಊದಿಸಿದಳು. ಕಾಪಿಯಕ್ಕ ಜಗ್ಗಲಿಲ್ಲ. ಕೊಡ ಕೊಳ್ಳುವಾಗ ನೀರು ತುಂಬಿ ನೋಡ್ತೀವಿ, ಅಂಟಿಸಿದ ಚೀಟಿ ಓದಿ ಕೊಳ್ಳೋದಿಲ್ಲ ಎಂದಳು. ಡ್ರೈವನ್ನು ಕಂಠಮಟ್ಟ ಕಸದಿಂದ ತುಂಬಿಸಿ, ತುಂಬಿದ್ದನ್ನೆಲ್ಲ ವಾಪಸ್ ಓದಿ ಒಂದಕ್ಷರ ಬದಲಾಗಿಲ್ಲ ಎಂದು ತೋರಿಸುವ ಒಂದು ಪುಕ್ಕಟೆ ತಂತ್ರಾಂಶ ಇದೆ. ಅದನ್ನು ಹಾಕಿಸಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಅದೇ ಸ್ಟೂಲಿನ ಮೇಲೆ ಕೂತಳು. ಗಿರಾಕಿಗಳು ಅವಳನ್ನು ಹೊಸ ಕೆಲಸದವಳು ಎಂದುಕೊಂಡು ರೇಟು ಕೇಳಿದರು. ಅವಳು ಅವರಿಗೂ ತುಂಬಿಸಿ ನೋಡ್ಕೊಳ್ಳಿ ಎಂದಳು. ದೊಡ್ಡ ಡಿಸ್ಕು ಇನ್ನೂ ತುಂಬಿರಲಿಲ್ಲ, ಅದಕ್ಕೆ ಮಾರನೆಯ ದಿನವೂ ಹೋಗಿ ಕೂತಳು. ಮೂರನೆಯ ದಿನ ಅಂಗಡಿಯವಳೇ ಅವಳಿಗೆ ಕಾಫಿ ತರಿಸಿದಳು, ಸೋತವರು ತರಿಸುವ ಹಾಗೆ.

ಮುಂದಿನ ಎರಡು ವಾರ ಅವಳು ಮನೆ ಮನೆ ತಿರುಗಿದಳು. ಕಾರ್ಡು ಎಲ್ಲಿಟ್ಟೆ ಎಂದರೆ ಗಂಡ ಹೆಂಡತಿಯ ಕಡೆ ನೋಡುವನು, ಹೆಂಡತಿ ಗೋಡೆಯ ಕಡೆ. ಗುಂಡಿಗಳ ಡಬ್ಬಿಯಿಂದ, ಗಡಿಯಾರದ ಬೆನ್ನಿನಿಂದ, ತೀರಿಹೋದವನ ಅಂಗಿಯ ಜೇಬಿನಿಂದ ಎದೆಗಳು ಒಂದೊಂದಾಗಿ ಹೊರಬಂದವು. ಆ ಅಂಗಿಯನ್ನು ಹೆಂಡತಿ ಒಗೆದಿದ್ದಳು, ಕಾರ್ಡಿಗೆ ಏನೂ ಆಗಿರಲಿಲ್ಲ. ಕಳೆದುಕೊಂಡವರೂ ಇದ್ದರು. ಒಬ್ಬ ಕಾರ್ಖಾನೆಯವರಿಗೇ ಕೊಟ್ಟು ಲಘು ಕೆಲಸ ಹಾಕಿಸಿಕೊಂಡಿದ್ದ. ಅವನ ಮನೆಯಲ್ಲಿ ಅವಳು ನೀರೂ ಕುಡಿಯಲಿಲ್ಲ. ಸಿಕ್ಕಿದ ಒಂದೊಂದನ್ನೂ ತೆರೆದು, ಹೆಸರಲ್ಲ, ಚಿತ್ರವನ್ನೇ ನೋಡಿ, ನಂಬರಿನ ಚೀಟಿಯನ್ನು ದಾರದಿಂದ ಕಟ್ಟಿ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿದಳು. ನೂರ ಅರವತ್ಮೂರು ಆದವು.

ಬಾರದಿದ್ದದ್ದು ಅಣ್ಣನದು. ಕೇಳಿದಾಗಲೆಲ್ಲ ಇದೆ, ಇದೆ ಎನ್ನುತ್ತಿದ್ದ. ಕೊನೆಗೆ ಅತ್ತಿಗೆಯೇ, ಅದನ್ನ ಅಳಿಸಿಬಿಟ್ಟಿದ್ದಾರೆ ಎಂದು ಬಾಯಿಬಿಟ್ಟಳು. ಅಣ್ಣ ಮಂಚದ ಮೇಲೆ ಮೂರು ದಿಂಬು ಒರಗಿಸಿಕೊಂಡು ಕೂತಿದ್ದ, ಮಲಗಿದರೆ ಉಸಿರು ಸಿಗುವುದಿಲ್ಲ.

"ಜಾಗ ಇರ್ಲಿಲ್ಲ ಕಣೇ. ಅಳಿಸಿ ಹಾಡು ಹಾಕಿಸ್ಕೊಂಡೆ."

"ಎದೆ ಅಳಿಸಿ ಹಾಡು ಹಾಕಿಸ್ಕೊಂಡ್ಯಾ ಅಣ್ಣ?"

"ಎದೆ ನೋಡ್ತಾ ಹೊತ್ತು ಹೋಗುತ್ತಾ?"

ಸಾಯುವ ತನಕ ಕೂತಿರಬೇಕಾದವನು ಹಾಡು ಕೇಳದೆ ಏನು ಮಾಡಬೇಕು? ಆದರೂ ಸಿಟ್ಟು ಬಂತು, ಕಾರ್ಡನ್ನು ಫೋನಿನಿಂದ ಕಿತ್ತುಕೊಂಡೇ ಹೊರಟಳು. ಅಣ್ಣ ಹಿಂದಿನಿಂದ, ಏಯ್ ಅದರಲ್ಲಿ ಇನ್ನೂರು ಹಾಡಿದೆ ಎಂದು ಕೂಗಲು ಹೋಗಿ ಅರ್ಧಕ್ಕೇ ನಿಂತ. ಕೂಗುವಷ್ಟು ಉಸಿರಿರಲಿಲ್ಲ.

ಅಂಗಡಿಯವಳು ಕಾರ್ಡನ್ನು ಚಿಮಟದಿಂದ ಹಿಡಿದು, ಇದನ್ನ ಇನ್ಮೇಲೆ ಯಾವ ಫೋನಿಗೂ ಹಾಕಬೇಡಿ ಎಂದಳು. ಅಳಿಸೋದು ಅಂದರೆ ಪಟ್ಟಿಯಿಂದ ಹೆಸರು ಹೊಡೆದುಹಾಕೋದು ಅಷ್ಟೆ. ಒಳಗಿನ ಸಾಮಾನು ಹಾಗೇ ಬಿದ್ದಿರುತ್ತದೆ, ಮೇಲೆ ಬೇರೆ ಏನಾದರೂ ಬರೆಯುವ ತನಕ. ಕಾಪಿಯಕ್ಕ ಮೆಲ್ಲಗೆ ನಕ್ಕಳು. ಕಾರ್ಖಾನೆಯ ಹಾಜರಿ ಪುಸ್ತಕದಿಂದ ತನ್ನ ಹೆಸರು ಹೊಡೆದುಹಾಕಿದವರಿಗೆ ಈ ವಿಷಯ ಯಾರಾದರೂ ಹೇಳಬೇಕಿತ್ತು. ಮಧ್ಯಾಹ್ನದ ತನಕ ಯಂತ್ರ ಕಾರ್ಡನ್ನು ಕೆದಕಿತು. ಹನ್ನೊಂದು ಚಿತ್ರಗಳಲ್ಲಿ ಹತ್ತು ಹಾಡುಗಳ ಅಡಿಯಲ್ಲಿ ಹೂತುಹೋಗಿದ್ದವು. ಒಂದು ಬಂತು, ಅದೂ ಅರ್ಧ. ಕುತ್ತಿಗೆಯಿಂದ ಎದೆಯ ನಡುವಿನ ತನಕ ಅಣ್ಣ, ಅಲ್ಲಿಂದ ಕೆಳಗೆ ಬೂದಿ ಬಣ್ಣ. ಮೂಲೆಯಲ್ಲಿ ಸೇರಿದ ವರ್ಷದ ತಾರೀಕು.

ಅದನ್ನು ಫಿಲ್ಮಿನ ಮೇಲೆ ಅಚ್ಚು ಹಾಕಿಸಿ ದೊಡ್ಡಾಸ್ಪತ್ರೆಯ ಡಾಕ್ಟರಮ್ಮನಿಗೆ ಒಯ್ದು ತೋರಿಸಿದಳು. ಅವರು ಅದನ್ನು ದೀಪಕ್ಕೆ ಹಿಡಿದು ನೋಡಿದರು. ಕಲ್ಲುಧೂಳು ಹೆಚ್ಚಾಗಿ ಮೊದಲು ಗೂಡು ಕಟ್ಟೋದು ಶ್ವಾಸಕೋಶದ ಮೇಲ್ಭಾಗದಲ್ಲಮ್ಮ, ನಮಗೆ ಬೇಕಾದ ಅರ್ಧವೇ ಉಳಿದಿದೆ ಎಂದರು. ಆ ಅರ್ಧ ಶುಭ್ರವಾಗಿತ್ತು.

ವಿಚಾರಣೆ ನಡೆದದ್ದು ಲೇಬರ್ ಆಫೀಸಿನ ಮೇಲಿನ ಮಹಡಿಯ ಕೋಣೆಯಲ್ಲಿ. ಮೆಟ್ಟಿಲು ಮೂವತ್ತೆರಡು. ಅರೆಯುವವರು ನಾಲ್ಕು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದರು, ಕಾರ್ಖಾನೆಯ ವಕೀಲರು ಎರಡೆರಡು ಮೆಟ್ಟಿಲು ದಾಟಿ ಹತ್ತಿದರು. ಸಾಕ್ಷಿ ಅಲ್ಲಿಗೇ ಮುಗಿಯಬಹುದಿತ್ತು, ಅಧಿಕಾರಿ ಮೆಟ್ಟಿಲು ನೋಡುತ್ತಿದ್ದರೆ.

ಎಸ್ಎಸ್‌ಡಿಯನ್ನು ಮೇಜಿನ ಮೇಲಿಟ್ಟ ಕೂಡಲೇ ವಕೀಲರು, ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ತುರುಕಬಹುದು ಎಂದರು. ಕಾಪಿಯಕ್ಕ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ಅದರ ಪಕ್ಕ ಇಟ್ಟಳು. ಇವು ಅದರ ತಾಯಿಬೇರು, ಯಾವುದನ್ನು ಬೇಕಾದರೂ ಎತ್ತಿಕೊಳ್ಳಿ, ಅದರ ಯಜಮಾನ ಆಚೆ ಬೆಂಚಿನ ಮೇಲೆ ಕೂತಿದ್ದಾನೆ, ಯಜಮಾನ ಸತ್ತಿದ್ದರೆ ಅವನ ಹೆಂಡತಿ ಕೂತಿದ್ದಾಳೆ ಎಂದಳು. ಕಳ್ಳಮಾಲು ಎಂದರು ವಕೀಲರು. ಕಾರ್ಖಾನೆಯ ದಾಖಲೆ ಕಾರ್ಖಾನೆಗೆ ವಾಪಸ್ ಬರಬೇಕು.

"ಎದೆ ಅವರದ್ದು ಸ್ವಾಮಿ. ಒಳಗಿರೋ ಧೂಳು ಮಾತ್ರ ನಿಮ್ಮದು. ಅದನ್ನ ಮೊದಲು ವಾಪಸ್ ತಗೊಳ್ಳಿ, ಆಮೇಲೆ ಫೋಟೋ ಕೇಳಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಹಾಗಾದರೆ ಈ ಎಲ್ಲರಿಗೂ ಟಿಬಿ ಎಂದು ದಾಖಲೆ ಮಾಡಿದ್ದು ಯಾರು ಎಂದು ಕೇಳಿದರು. ಕಾಪಿಯಕ್ಕ ಕೈ ಎತ್ತಿದಳು.

"ನಾನೇ. ಪಟ್ಟಿಯಲ್ಲಿ ಮೂರೇ ಸಾಲಿತ್ತು. ಧೂಳು ಅನ್ನೋ ಸಾಲು ಇರ್ಲಿಲ್ಲ. ನಮ್ಮಣ್ಣನಿಗೂ ನಾನೇ ಒತ್ತಿದ್ದು. ಅದನ್ನೂ ಬರ್ಕೊಳ್ಳಿ, ಪಟ್ಟಿ ಮಾಡಿದವರು ಯಾರು ಅಂತಾನೂ ಬರ್ಕೊಳ್ಳಿ."

ಡಬ್ಬಿಯಿಂದ ಯಾವುದಾದರೂ ಐದನ್ನು ಎತ್ತಲು ಅಧಿಕಾರಿ ವಕೀಲರಿಗೆ ಹೇಳಿದರು. ಮೊದಲನೆಯದು ಮದುವೆ ಸಿಡಿ, ಡಬ್ಬಿಯೊಳಗೆ ಅಲ್ಲಾಡಿ ಗೀರು ಬಿದ್ದಿತ್ತು. ತೆರೆದುಕೊಳ್ಳಲಿಲ್ಲ, ವಕೀಲರು ನಕ್ಕರು. ಎರಡನೆಯದು ತೆರೆಯಿತು. ಮೂರನೆಯದು ಒಗೆದ ಅಂಗಿಯ ಕಾರ್ಡು, ಅದೂ ತೆರೆಯಿತು. ಬೆಂಚಿನಿಂದ ಎದ್ದು ಬಂದ ಹೆಂಗಸು ಮೂಲೆಯ ಹೆಸರಿನ ಮೇಲೆ ಬೆರಳಿಟ್ಟು, ಇವರೇ ಎಂದಳು. ನಾಲ್ಕು, ಐದೂ ತೆರೆದವು. ತೆರೆದ ಎಲ್ಲದರಲ್ಲೂ ಮೊದಲ ವರ್ಷ ಕನ್ನಡಿಯಂಥ ಎದೆ, ವರ್ಷ ಹೋದಂತೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಅಣ್ಣನ ಅರ್ಧ ಚಿತ್ರವನ್ನು ವಕೀಲರು ಎತ್ತಲಿಲ್ಲ. ಆರನೆಯದಾಗಿ ಅವಳೇ ಎತ್ತಿದಳು, ಡಾಕ್ಟರಮ್ಮನ ಪತ್ರದ ಜೊತೆ.

ಕಾರ್ಖಾನೆಯ ಕೆಟ್ಟ ಕಂಪ್ಯೂಟರನ್ನು ಹಾಗೇ ತಂದು ಒಪ್ಪಿಸಬೇಕು, ಅಳಿಸಿದ್ದನ್ನು ಎತ್ತುವವರು ಇದ್ದಾರೆ ಎಂದು ಅಧಿಕಾರಿ ಆದೇಶ ಬರೆದರು. ಆಗ ಒಂದು ಪವಾಡ ನಡೆಯಿತು. ತಿಂಗಳುಗಟ್ಟಲೆ ಸತ್ತು ಮಲಗಿದ್ದ ಕಂಪ್ಯೂಟರು ಒಂಬತ್ತು ದಿನಕ್ಕೆ ತಾನಾಗಿಯೇ ಎದ್ದು ಕೂತಿತು. ಚಿತ್ರಗಳೆಲ್ಲ ಸಿಕ್ಕವು ಎಂದು ಕಾರ್ಖಾನೆಯೇ ಪತ್ರ ಕೊಟ್ಟಿತು. ಡಬ್ಬಿಯ ಚಿತ್ರಗಳಿಗೂ ಅವಕ್ಕೂ ಒಂದು ಚುಕ್ಕೆಯ ವ್ಯತ್ಯಾಸ ಇರಲಿಲ್ಲ. ಹೊರಗಿನ ಡಾಕ್ಟರುಗಳು ಕೂತು ಓದಿ, ಸದ್ಯಕ್ಕೆ ನೂರ ಹನ್ನೊಂದು ಜನರ ಹೆಸರಿನ ಮುಂದಿನ ‘ಟಿಬಿ’ ಹೊಡೆದುಹಾಕಿ ‘ಕಲ್ಲುಧೂಳಿನ ಕಾಯಿಲೆ’ ಎಂದು ಬರೆದಿದ್ದಾರೆ. ಕಾರ್ಖಾನೆ ಮೇಲಿನ ಕೋರ್ಟಿಗೆ ಹೋಗಿದೆ. ಹೋಗಲಿ. ಅಲ್ಲೂ ಮೆಟ್ಟಿಲಿದೆ, ನಿಂತು ನಿಂತು ಹತ್ತುತ್ತಾರೆ.

ಅಣ್ಣನ ಹೆಸರು ಆ ನೂರ ಹನ್ನೊಂದರಲ್ಲಿದೆ. ಸುದ್ದಿ ಹೇಳಲು ಹೋದಾಗ ಅವನು ಕೇಳಿದ ಮೊದಲ ಮಾತು, ನನ್ನ ಹಾಡು ಎಲ್ಲಿ ಎಂದು. ಅವಳು ಹೊಸ ಕಾರ್ಡೊಂದನ್ನು ದಿಂಬಿನ ಪಕ್ಕ ಇಟ್ಟಳು. ತುಂಬಿಸಿ ನೋಡಿದೀನಿ, ಪೂರ್ತಿ ಹಿಡಿಯುತ್ತೆ ಎಂದಳು.

ಎಸ್ಎಸ್‌ಡಿ ಈಗ ಸಂಘದ ಕೋಣೆಯಲ್ಲಿದೆ, ಡಿಸ್ಕು ಇನ್ನೊಬ್ಬರ ಮನೆಯಲ್ಲಿ. ಡಬ್ಬಿಯಲ್ಲಿದ್ದವು ಅವರವರ ಮನೆಗೆ ವಾಪಸ್ ಹೋಗಿವೆ. ಸುಳ್ಳು ಪೆನ್‌ಡ್ರೈವನ್ನು ಮೇಸ್ತ್ರಿ ಮಾವ ತಮ್ಮ ಮನೆಯ ಬೀಗದ ಕೈಗೊಂಚಲಿಗೆ ತಗುಲಿಸಿಕೊಂಡಿದ್ದಾರೆ. ಯಾರಾದರೂ ಅಗ್ಗದ ಮಾತಾಡಿದರೆ ಎತ್ತಿ ತೋರಿಸುತ್ತಾರೆ. ಕಾಪಿಯಕ್ಕ ರಿಪೇರಿ ಅಂಗಡಿಯ ಅದೇ ಸ್ಟೂಲಿನ ಮೇಲೆ ಕೆಲಸಕ್ಕೆ ಕೂತಿದ್ದಾಳೆ. ಕಾರ್ಖಾನೆಯ ಏಳು ತಿಂಗಳ ಸಂಬಳ ಬಂದಿಲ್ಲ.

ಇನ್ನು ನಿಮ್ಮ ವಿಷಯ. ನೀವು ದುಡಿಯುವ ಜಾಗದಲ್ಲಿ ನಿಮ್ಮ ಎದೆಯದೋ, ಕಣ್ಣಿನದೋ, ಕಿವಿಯದೋ, ನೀವು ನಿಂತ ಗಂಟೆಗಳದೋ ದಾಖಲೆ ಯಾರದೋ ಪೆಟ್ಟಿಗೆಯಲ್ಲಿದೆ. ಅದರ ಕೆಳಗೆ ಯಾವ ಎರಡಕ್ಷರ ಬರೆದಿದ್ದಾರೆ ಎಂದು ನೀವು ನೋಡಿಲ್ಲ. ನಾಳೆ ಕೆಲಸಕ್ಕೆ ಹೋದವರು ನೇರ ಆಫೀಸಿಗೆ ಹೋಗಿ, ನನ್ನ ಕಾಪಿ ಕೊಡಿ ಎಂದು ಕೇಳಿ. ಕೂರಿಸಿ ಕಾಫಿ ತರಿಸಿದರೆ ಕುಡಿಯಿರಿ. ಲೋಟ ಕೆಳಗಿಟ್ಟು ಮತ್ತೆ ಕೇಳಿ. ಕೊಟ್ಟದ್ದನ್ನು ಅಲ್ಲೇ ತೆರೆದು ನೋಡಿ, ಆಮೇಲೆ ಎದ್ದು ಬನ್ನಿ.